ಹರಳು ನೋಡುವ ಕಣ್ಣು

ಹರಳು ಸಂಗ್ರಹದ ಹುಚ್ಚು ಹತ್ತಿಸಿಕೊಂಡವರು ಭಟ್ಕಳ, ಹೊನ್ನಾವರದ ಗುಡ್ಡ ಕೆದಕಿದರೆ ಸಾಮಾನ್ಯವಾಗಿ ಸಿಗುವುದು ಚಿರೇಕಲ್ಲು. ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳ ಆ ಕೆಂಪು ಕಲ್ಲು ಮನೆ ಕಟ್ಟಲು ಭೇಷ್, ಕಪಾಟಿನಲ್ಲಿಟ್ಟು ನೋಡಲು ಅಲ್ಲ. ಹೊಸಬರು ಕುಮಟಾ ತಾಲ್ಲೂಕಿನ ಸಾಣಿಕಟ್ಟಾಕ್ಕೆ ಹೋಗಲಿ. ಅಘನಾಶಿನಿ ಅಳಿವೆಯ ಬದಿಯ ಉಪ್ಪಿನ ಆಗರಗಳಲ್ಲಿ ಬೇಸಿಗೆಯಿಡೀ ಹರಳು ಕಟ್ಟುತ್ತಲೇ ಇರುತ್ತದೆ.

ಉಪ್ಪಿಗೆ ಖನಿಜಶಾಸ್ತ್ರದ ಹೆಸರು ಹಾಲೈಟ್. ಆಗರದಲ್ಲಿ ಬೆಳೆದದ್ದನ್ನು ಖನಿಜವೆಂದೇ ಒಪ್ಪದ ಮಡಿವಂತ ಸಂಗ್ರಾಹಕರೂ ಇದ್ದಾರೆ. ಇರಲಿ, ಕಣ್ಣು ಪಳಗಿಸಲು ಇಷ್ಟು ಅಗ್ಗದ ಗುರು ಇನ್ನೊಂದಿಲ್ಲ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. ಬಿಸಿಲಿಗೆ ಆರಿ ನೀರು ಐದರಲ್ಲೊಂದು ಪಾಲಿಗೆ ಇಳಿಯುವಾಗ ಜಿಪ್ಸಂ ಕೂರುತ್ತದೆ, ಹತ್ತರಲ್ಲೊಂದಕ್ಕೆ ಇಳಿದಾಗ ಉಪ್ಪು. ಮೆಗ್ನೀಷಿಯಂ ಲವಣಗಳು ಕೊನೆಯ ಕಹಿನೀರಿನಲ್ಲಿ ಉಳಿಯುತ್ತವೆ.

ಒಂದು ಚಮಚ ಕಲ್ಲುಪ್ಪನ್ನು ಕಪ್ಪು ಕಾಗದದ ಮೇಲೆ ಹರಡಿ, ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಬೇಕು. ಹುಡುಕಿದರೆ ಒಳ್ಳೆಯ ಘನಾಕೃತಿಗಳು ಸಿಗುತ್ತವೆ. ಕೆಲವುಗಳ ಮುಖ ಗೋಕರ್ಣದ ಕೋಟಿತೀರ್ಥದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿದಿರುತ್ತದೆ. ಹರಳು ಅವಸರದಲ್ಲಿ ಬೆಳೆದಾಗ ಅಂಚು, ಮೂಲೆಗಳಿಗೆ ಉಪ್ಪು ಬೇಗ ಸೇರುತ್ತದೆ, ಮುಖದ ನಡುಭಾಗ ಹಿಂದೆ ಬೀಳುತ್ತದೆ. ಒಳಗಿನ ಹಾಲುಬಿಳುಪು ಬಹುಪಾಲು ಸಿಕ್ಕಿಬಿದ್ದ ಉಪ್ಪುನೀರಿನ ಸಣ್ಣ ಹನಿಗಳದ್ದು. ಮೆಲ್ಲಗೆ ಕುಟ್ಟಿದರೆ ಚೂರುಗಳೂ ಲಂಬಕೋನದಲ್ಲೇ ಸೀಳುತ್ತವೆ. ಇದೇ ಪರೀಕ್ಷೆಗೆ ಕ್ಯಾಲ್ಸೈಟ್ ಓರೆ ಓರೆಯಾಗಿ ಸೀಳುತ್ತದೆ.

ಕ್ಯಾಲ್ಸೈಟ್ ಎಂದರೆ ಸುಣ್ಣದ ಕಲ್ಲಿನ ಮುಖ್ಯ ಖನಿಜ, ಸುಣ್ಣದ ಕಲ್ಲೆಂದರೆ ಇಲ್ಲಿಯವರಿಗೆ ಯಾಣ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದಡಿ ನಿಂತು ಕತ್ತು ನೋಯುವಷ್ಟು ನೋಡಬಹುದು, ಸುತ್ತಿಗೆ ಮಾತ್ರ ಮನೆಯಲ್ಲಿರಲಿ. ಅರಣ್ಯದೊಳಗಿನ ಕಲ್ಲು, ಖನಿಜ ಕಾನೂನಿನ ಪ್ರಕಾರ ಅರಣ್ಯ ಉತ್ಪನ್ನ.

ಕಣ್ಣು ಪಳಗಿದ ಮೇಲೆ ಕೊಳ್ಳುವ ಮಾತು. ಮಹಾರಾಷ್ಟ್ರದ ಬಸಾಲ್ಟ್ ಕ್ವಾರಿಗಳು ಹರಳುಗಳಿಗೆ ಜಗತ್ಪ್ರಸಿದ್ಧ: ಪುಣೆ, ಜಳಗಾಂವ್ ಕಡೆಯ ಅಪೋಫಿಲೈಟ್, ಸ್ಟಿಲ್ಬೈಟ್, ವಾಘೋಲಿಯ ಕಡುನೀಲಿ ಕ್ಯಾವನ್ಸೈಟ್. ಹೊಸಬರು ಗಾತ್ರಕ್ಕೆ ಮರುಳಾಗುತ್ತಾರೆ. ತುದಿ ಮುಕ್ಕಾದ ಅಂಗೈಯಗಲದ ಹರಳಿಗಿಂತ, ಹುಟ್ಟಿದ ಕಲ್ಲಿನ ಮೇಲೇ ಕೂತ, ಅಂಚು ಕೆಡದ ಉಗುರಿನಷ್ಟು ಹರಳೇ ಮೇಲು. ಹರಳಿನ ಬುಡವನ್ನು ಮಸೂರದಲ್ಲಿ ತಪ್ಪದೆ ನೋಡಬೇಕು. ಅಂಟು ಹಾಕಿ ಕೂರಿಸಿದ್ದಾದರೆ ಅಲ್ಲಿ ಮಿರುಗುವ ಗೆರೆಯೋ ಗುಳ್ಳೆಯೋ ಕಾಣುತ್ತದೆ. ಸಿಕ್ಕ ಕ್ವಾರಿಯ ಹೆಸರಿರುವ ಚೀಟಿ ಕಳೆದುಹೋದರೆ ಹರಳಿನ ಅರ್ಧ ಬೆಲೆ ಹೋದಂತೆ.

ಉಪ್ಪಿನ ಹರಳು ಇಟ್ಟುಕೊಳ್ಳುವವರಿಗೆ ನಮ್ಮ ಕರಾವಳಿಯ ಮಳೆಗಾಲವೇ ಶತ್ರು. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ, ಮೆಗ್ನೀಷಿಯಂ ಅಂಟಿದ್ದರೆ ಅದಕ್ಕೂ ಮೊದಲೇ. ಮೇ ಮುಗಿಯುವುದರೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಗಾಜಿನ ಡಬ್ಬಿಗೆ ಸೇರಿಸಬೇಕು. ನೀರಲ್ಲಿ ತೊಳೆಯುವ ಉತ್ಸಾಹ ಬೇಡ.