ಫ್ಯಾನಿಲ್ಲದ ಪೆಟ್ಟಿಗೆ

ಬದನವಾಳಿನ ಗೆಳೆಯರೊಬ್ಬರು ಕಳೆದ ವಾರ ತಮ್ಮ ಹಳೆಯ ಡೆಸ್ಕ್‌ಟಾಪಿನ ಪಕ್ಕದ ತಗಡು ಬಿಚ್ಚಿ ತೋರಿಸಿದರು. ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳು ಬೂದು ಬಣ್ಣದ ಅರಳೆಯನ್ನು ಕಂಬಳಿಯ ಹಾಗೆ ಹೊದ್ದುಕೊಂಡಿದ್ದವು. 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿಯ ಊರು ಬದನವಾಳು. ಗೆಳೆಯರ ಮನೆಯಲ್ಲೂ ನೂಲುತ್ತಾರೆ, ಹತ್ತಿಯ ಎಳೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಫ್ಯಾನು ಗಾಳಿಯ ಜೊತೆಗೆ ಅದನ್ನೂ ಒಳಗೆಳೆಯುತ್ತದೆ. ಎಳೆ ಕೂತಷ್ಟೂ ಬಿಸಿ, ಬಿಸಿ ಏರಿದಷ್ಟೂ ಫ್ಯಾನಿನ ಓಟ, ಓಡಿದಷ್ಟೂ ಮತ್ತೆ ಎಳೆ. ಒಂದು ಪತ್ರ ಟೈಪ್ ಮಾಡುವುದಕ್ಕೂ ಹಿಟ್ಟಿನ ಗಿರಣಿಯ ಪಕ್ಕ ಕೂತಂತಾಗಿತ್ತು.

ಇದರ ಬದಲು ಯಾವುದು ಕೊಳ್ಳಲಿ ಎಂಬುದು ಅವರ ಪ್ರಶ್ನೆ. ಮಾಡುವ ಕೆಲಸ ಕನ್ನಡದಲ್ಲಿ ಪತ್ರ, ಟ್ಯಾಲಿಯಲ್ಲಿ ಲೆಕ್ಕ, ಆಗೊಮ್ಮೆ ಈಗೊಮ್ಮೆ ಫೋಟೋ ಕಳಿಸುವುದು.

ನಾನು ಮೊದಲು ವಾಟ್ ಮೀಟರ್ ಸಿಕ್ಕಿಸಿದೆ. ಏನೂ ಕೆಲಸವಿಲ್ಲದೆ ನಿಂತಾಗಲೇ 70 ವಾಟ್! ಅಂಗಡಿಯವರು ಹೇಳುವುದು ಎಷ್ಟು ವೇಗ ಎಂಬ ಲೆಕ್ಕ ಮಾತ್ರ. ಆದರೆ ಬರೆಯುವವನ ಕಂಪ್ಯೂಟರು ದಿನದ ಬಹುಪಾಲು ಮುಂದಿನ ಅಕ್ಷರಕ್ಕಾಗಿ ಕಾಯುತ್ತಿರುತ್ತದೆ. ಹಾಗೆ ಕಾಯುವಾಗ ಎಷ್ಟು ತಿನ್ನುತ್ತದೆ ಎಂಬುದೇ ನಾವು ಕೇಳಬೇಕಾದ್ದು. ದಿನಕ್ಕೆ 8 ಗಂಟೆಯಂತೆ 30 ದಿನಕ್ಕೆ ಆ 70 ವಾಟ್ ಸುಮಾರು 17 ಯೂನಿಟ್. 10 ವಾಟಿನ ಪೆಟ್ಟಿಗೆಗೆ 2.4 ಯೂನಿಟ್ ಸಾಕು.

ಹಳ್ಳಿಯಲ್ಲಿ ಬಿಲ್ಲಿಗಿಂತ ದೊಡ್ಡ ಮಾತು ಕರೆಂಟ್ ಹೋದಾಗಿನದು. ಸಾಮಾನ್ಯ ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 84 ವಾಟ್-ಅವರ್ ಇದೆ. ಹಳೆಯ ಯಂತ್ರ, ಮಾನಿಟರ್ ಎರಡೂ ಸೇರಿ ಅದನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತಿದ್ದವು. ಸೋಲಾರ್ ಇರುವ ಮನೆಗೆ ಇನ್ನೊಂದು ದಾರಿಯಿದೆ, ನನಗೆ ಬಹಳ ಇಷ್ಟವಾದದ್ದು. ಎಷ್ಟೋ ಪುಟ್ಟ ಪೆಟ್ಟಿಗೆಗಳು ನಡೆಯುವುದೇ 12 ವೋಲ್ಟ್ ಡಿಸಿಯಲ್ಲಿ. ಸೋಲಾರ್ ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರ್ 230ಕ್ಕೆ ಏರಿಸುತ್ತದೆ, ಅಡಾಪ್ಟರ್ ಅದನ್ನೇ ಮರಳಿ 12ಕ್ಕೆ ಇಳಿಸುತ್ತದೆ. ಹತ್ತುವಾಗ ಒಂದಿಷ್ಟು, ಇಳಿಯುವಾಗ ಒಂದಿಷ್ಟು ಶಾಖವಾಗಿ ಹೋಗುತ್ತದೆ. ನೇರ ಕೊಟ್ಟರೆ ಅಷ್ಟೂ ಉಳಿತಾಯ. ಆದರೆ ಚಾರ್ಜಾಗುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ, ನಡುವೆ ರೆಗ್ಯುಲೇಟರ್ ಇರಲೇಬೇಕು.

ಕಡಿಮೆ ವಿದ್ಯುತ್ತಿನ ಕಂಪ್ಯೂಟರು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ 2001ರ ಹೊತ್ತಿಗೆ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಕಟ್ಟಿದ್ದರು. 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಲಿನಕ್ಸ್. ಮೂರು ಸಣ್ಣ ಪೆನ್ಸಿಲ್ ಸೆಲ್ಲುಗಳಲ್ಲಿ ಅದು ನಡೆಯುತ್ತಿತ್ತು, ಕನ್ನಡವನ್ನೂ ನುಡಿಯುತ್ತಿತ್ತು. 2004ರಲ್ಲಿ ಮಾರುಕಟ್ಟೆಗೂ ಬಂತು, ಹೆಚ್ಚು ಜನ ಕೊಳ್ಳಲಿಲ್ಲ. ನನಗೆ ಈಗಲೂ ಅದರ ಬಗ್ಗೆ ಸಂಕಟವಿದೆ. ಅದೇ ಆರ್ಮ್ ಬಳಗದ ಪ್ರೊಸೆಸರುಗಳು ಇಂದು ಎಲ್ಲರ ಜೇಬಿನಲ್ಲಿವೆ.

ಆರ್ಮ್ ಬೇಕೆಂದರೆ ಕೀಬೋರ್ಡಿನೊಳಗೇ ಕಂಪ್ಯೂಟರ್ ಅಡಗಿರುವ ರಾಸ್ಪ್‌ಬೆರಿ ಪೈ 400 ಚೆಂದದ ಯಂತ್ರ. ಫ್ಯಾನಿಲ್ಲ, ಐದಾರು ವಾಟ್ ಸಾಕು. ಬರೀ ಬರೆಯುವವರಿಗೆ ಅದನ್ನೇ ಹೇಳುತ್ತಿದ್ದೆ. ಆದರೆ ಟ್ಯಾಲಿಗೆ ವಿಂಡೋಸ್ ಬೇಕು. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳಿಗೂ ಅದೇ ಮನೆ. ಹಾಗಾಗಿ ಗೆಳೆಯರಿಗೆ ಇಂಟೆಲ್ ಎನ್100 ಪ್ರೊಸೆಸರಿನ ಪೆಟ್ಟಿಗೆ ಹೇಳಿದೆ. 2023ರ ಈ ಚಿಪ್ಪಿಗೆ ಕಂಪನಿ ನಮೂದಿಸಿರುವುದು 6 ವಾಟ್. ಈ ಚಿಪ್ಪಿನ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳೊಳಗೆ ಪುಟಾಣಿ ಫ್ಯಾನಿದೆ, ದೊಡ್ಡದಕ್ಕಿಂತ ಕೀರಲು ದನಿ ಅದರದ್ದು. ಮೈಯೆಲ್ಲ ಅಲ್ಯೂಮಿನಿಯಂ ಏಣುಗಳಿರುವುದನ್ನೇ ಕೇಳಿ ತೆಗೆದುಕೊಳ್ಳಬೇಕು. ಸೆಕೆಂಡ್‌ಹ್ಯಾಂಡ್ ಕಚೇರಿ ಯಂತ್ರಗಳು ಅಗ್ಗ, ಗಟ್ಟಿಮುಟ್ಟು. ಆದರೆ ಫ್ಯಾನಿರುವುದರಿಂದ ಅರಳೆಯ ಮನೆಗೆ ಬೇಡ. ಫ್ಯಾನಿಲ್ಲದ ಪೆಟ್ಟಿಗೆಗೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದರೆ ತಿರುಗುವ ಭಾಗವೇ ಉಳಿಯುವುದಿಲ್ಲ.

ಗೆಳೆಯರು ಹೊಸ ಪೆಟ್ಟಿಗೆಯನ್ನು ಅಲಮಾರಿಯೊಳಗೆ ಇಡಲು ಹೊರಟಿದ್ದರು. ಬೇಡವೆಂದೆ. ಫ್ಯಾನಿಲ್ಲದ ಪೆಟ್ಟಿಗೆ ಮೈಯಿಂದಲೇ ಉಸಿರಾಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಪಾಟಿನೊಳಗೆ ಕಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಈಗ ಮಾನಿಟರಿನ ಬೆನ್ನಿಗೆ ಸ್ಕ್ರೂ ಹಾಕಿ ನಿಲ್ಲಿಸಿದ್ದೇವೆ. ಹಳೆಯದನ್ನು ಇನ್ನೂ ಗುಜರಿಗೆ ಕೊಟ್ಟಿಲ್ಲ. ಹನ್ನೆರಡು ವರ್ಷದ ಪತ್ರಗಳು ಅದರಲ್ಲಿ ಹಳೆಯ ನುಡಿ ಅಕ್ಷರದಲ್ಲಿವೆ. ಒಂದೊಂದನ್ನೂ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಓದಿ ನೋಡುತ್ತಿದ್ದಾರೆ.