ಕಿರುತೆರೆಯ ನಿಧಿಶೋಧನೆ: ಅದರ ಪ್ರಾಮಾಣ್ಯ

ದರೋಡೆಗಾರರು ಹೂತಿಟ್ಟರೆನ್ನಲಾದ ಹಣವನ್ನು ಕ್ಯಾಮರಾದೊಡನೆ ಅರಸಿ ಹೊರಡುವ ಕಾರ್ಯಕ್ರಮಗಳು ಈಚೆಗೆ ಟೆಲಿವಿಷನ್ನಿನಲ್ಲಿ ಒಂದು ಪ್ರತ್ಯೇಕ ಪ್ರಕಾರವೆನ್ನಬಹುದಾದಷ್ಟು ಬೆಳೆದುಬಿಟ್ಟಿವೆ. ವೆಸ್ಟ್ ಮಾಂಬಲಂನ ಮನೆಗಳಲ್ಲಿ ರಾತ್ರಿಯೂಟದ ಹೊತ್ತಿಗೆ ಅವು ನಡೆಯುತ್ತಿರುತ್ತವೆ. ನಮ್ಮ ಸಂಘದ ಮಿತ್ರರಲ್ಲಿಯೂ ಅವನ್ನು ತಪ್ಪದೆ ನೋಡುವವರುಂಟು. "ಇದೆಲ್ಲ ನಿಜವೇನ್ರೀ?" ಎಂದು ಅವರಲ್ಲೊಬ್ಬರು ಕೇಳಿದ ಮಾತೇ ಈ ಲೇಖನಕ್ಕೆ ನಿಮಿತ್ತ. ಪ್ರಶ್ನೆ ಹಗುರವಾದದ್ದೆಂದು ಮೊದಲು ನನಗೆ ತೋರಿತ್ತು. ಯೋಚಿಸಿದಂತೆಲ್ಲ ಅದರ ಭಾರ ತಿಳಿಯಿತು.

ನಿಜ ಎಂಬುದಕ್ಕೆ ಇಲ್ಲಿ ಎರಡು ಅರ್ಥಗಳಿವೆ. ಅಗೆಯುವವರು ನಿಜವಾಗಿ ಅಗೆಯುತ್ತಾರೆಯೆ ಎಂಬುದು ಒಂದು. ಅಗೆಯುತ್ತಾರೆ, ಬೆವರೂ ಮಣ್ಣೂ ಸುಳ್ಳಲ್ಲ. ಆದರೆ ಅದರಿಂದ ಏನಾದರೂ ಸಿದ್ಧವಾಗುತ್ತದೆಯೆ ಎಂಬುದು ಬೇರೆ ಪ್ರಶ್ನೆ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನೂ ಒಂದು ಪ್ರಮಾಣವೆಂದು ಒಪ್ಪಿದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ಗಡಿಗೆ ನೆಲದ ಮೇಲೆ ಕಾಣದಿದ್ದರೆ, ಗಡಿಗೆ ಇಲ್ಲವೆಂದು ತಿಳಿಯತಕ್ಕದ್ದು. ಇದನ್ನು ಬೇರೆ ಪ್ರಮಾಣವೆಂದೆಣಿಸದ ಮತದವರೂ ಗಡಿಗೆ ಇಲ್ಲವೆಂಬ ತೀರ್ಮಾನಕ್ಕೆ ಅಡ್ಡಿ ಮಾಡಲಾರರು. ಕಿರುತೆರೆಯ ನಿಧಿಶೋಧಕರಿಗೋ ಈ ತೀರ್ಮಾನವೇ ವರ್ಜ್ಯ. ಗಡಿಗೆ ಕಾಣದಿದ್ದರೆ ಅದು ಇನ್ನೂ ಆಳದಲ್ಲಿದೆ. ಆಳದಲ್ಲಿಯೂ ಇಲ್ಲವಾದರೆ ಪಕ್ಕದ ಗುಡ್ಡದಲ್ಲಿದೆ. ಅಲ್ಲಿಯೂ ಇಲ್ಲವಾದರೆ ಮುಂದಿನ ವಾರವಿದೆ. 'ಇಲ್ಲ' ಎಂಬ ಉತ್ತರಕ್ಕೆ ಎಡೆಯಿಲ್ಲದ ಶೋಧನೆಯನ್ನು ಶೋಧನೆಯೆಂದು ಕರೆಯಲು ನನಗೆ ಮನಸ್ಸು ಬಾರದು.

ಈ ಪ್ರಕಾರದ ತವರು ಅಮೆರಿಕ. ಅದರ ಆರಾಧ್ಯ ಪುರುಷ ಜೆಸ್ಸಿ ಜೇಮ್ಸ್. ಅವನನ್ನು 1882ರ ಏಪ್ರಿಲ್ 3ರಂದು ಅವನ ಗುಂಪಿನವನೇ ಗುಂಡಿಟ್ಟು ಕೊಂದನು. ಆ ಸಾವು ನಟನೆ, ಅವನು ಬದುಕುಳಿದು ಅಪಾರ ಚಿನ್ನವನ್ನು ಹೂತಿಟ್ಟನು ಎಂಬುದು ಇಂತಹ ಕಾರ್ಯಕ್ರಮಗಳ ಅಡಿಗಲ್ಲು. 1995ರಲ್ಲಿ ಮಿಸ್ಸೂರಿಯ ಗೋರಿಯನ್ನು ತೆರೆದು ನಡೆಸಿದ ಡಿಎನ್‌ಎ ಪರೀಕ್ಷೆಯ ಫಲಿತಾಂಶ, ಅಲ್ಲಿರುವವನು ಅವನೇ ಎಂಬುದಕ್ಕೆ ಹೊಂದಿಕೆಯಾಗಿಯೇ ಬಂದಿತು. ಹೀಗಿದ್ದೂ 2009ರಲ್ಲಿ ಹಿಸ್ಟರಿ ಚಾನೆಲ್ ಅವನ ಗುಪ್ತನಿಧಿಯ ಹೆಸರಿನಲ್ಲಿಯೇ ಕಾರ್ಯಕ್ರಮ ಮಾಡಿತು. ನನ್ನ ವೃತ್ತಿಯವನಿಗೆ ನೆನಪಿಗೆ ಬರುವುದು ಬೇರೊಂದು ಸಂಗತಿ. 1876ರ ಸೆಪ್ಟೆಂಬರ್ 7ರಂದು ಇದೇ ಗುಂಪು ಮಿನ್ನೆಸೋಟದ ನಾರ್ತ್‌ಫೀಲ್ಡ್ ಎಂಬಲ್ಲಿಯ ಬ್ಯಾಂಕಿಗೆ ನುಗ್ಗಿತು. ಅಂದು ಕ್ಯಾಷಿಯರ್‌ನ ಸ್ಥಾನದಲ್ಲಿದ್ದ ಜೋಸೆಫ್ ಲೀ ಹೇವುಡ್ ತಿಜೋರಿಯನ್ನು ತೆರೆದುಕೊಡಲು ಒಪ್ಪಲಿಲ್ಲ; ಅವನನ್ನು ಕೊಂದರು. ಗುಂಪಿಗೆ ದಕ್ಕಿದ್ದು ಇಪ್ಪತ್ತಾರು ಡಾಲರ್ ಎಪ್ಪತ್ತು ಸೆಂಟ್. ಗುಡ್ಡಗುಡ್ಡಗಳಲ್ಲಿ ಚಿನ್ನವನ್ನು ಹೂತರೆನ್ನುವವರು ಈ ಮೊತ್ತವನ್ನು ಜಮೆಯ ಯಾವ ಕಲಮಿನಲ್ಲಿ ಬರೆಯುತ್ತಾರೋ ತಿಳಿಯದು.

ನಗೆಪಾಟಲಾದ ಒಂದು ಕಾರ್ಯಕ್ರಮವನ್ನೇ ನಾನು ಈ ವರ್ಗದಲ್ಲಿ ಪ್ರಾಮಾಣಿಕವೆಂದು ಎಣಿಸುತ್ತೇನೆ. 1986ರ ಏಪ್ರಿಲ್ 21ರಂದು ಜೆರಾಲ್ಡೋ ರಿವೇರಾ ಎಂಬ ಪತ್ರಕರ್ತನು ಷಿಕಾಗೋದ ಲೆಕ್ಸಿಂಗ್ಟನ್ ಹೋಟೆಲಿನ ನೆಲಮಾಳಿಗೆಯಲ್ಲಿ ಆಲ್ ಕಪೋನನ ಗುಪ್ತಕೋಣೆಯನ್ನು ನೇರಪ್ರಸಾರದಲ್ಲಿ ಒಡೆಯಿಸಿದನು. ಸುಮಾರು ಮೂರು ಕೋಟಿ ಜನ ನೋಡಿದರು. ಹೆಣ ಸಿಕ್ಕಿದರೆ ಇರಲೆಂದು ವೈದ್ಯಾಧಿಕಾರಿಯನ್ನೂ, ಹಣ ಸಿಕ್ಕಿದರೆ ಬಾಕಿ ತೆರಿಗೆಗೆ ಹಿಡಿದುಕೊಳ್ಳಲೆಂದು ತೆರಿಗೆಯವರನ್ನೂ ಕರೆಸಿದ್ದರು. ಎರಡು ಗಂಟೆಯ ಕೊನೆಗೆ ಸಿಕ್ಕಿದ್ದು ಮಣ್ಣು, ಕೆಲವು ಖಾಲಿ ಬಾಟಲಿಗಳು. ನೇರಪ್ರಸಾರವಾದುದರಿಂದ ಕತ್ತರಿಸುವಂತಿಲ್ಲ, ಮುಂದಿನ ವಾರಕ್ಕೆ ಹಾಕುವಂತಿಲ್ಲ. 'ಇಲ್ಲ' ಎಂದು ಒಪ್ಪಲೇಬೇಕಾಯಿತು. ಕಪೋನನನ್ನು 1931ರಲ್ಲಿ ಸೆರೆಗೆ ಕಳುಹಿಸಿದ್ದು ತೆರಿಗೆ ತಪ್ಪಿಸಿದ ಅಪರಾಧ. ಸಾಕ್ಷ್ಯಗಳಲ್ಲಿ ಮುಖ್ಯವಾದುದು ಒಂದು ಜೂಜುಕಟ್ಟೆಯ ಲೆಕ್ಕದ ಪುಸ್ತಕ. ಅವನ ಹಣ ಎಲ್ಲಿತ್ತೆಂದು ಹಾರೆ ಹೇಳದಿದ್ದುದನ್ನು ಖಾತೆ ಹೇಳಿತ್ತು.

ನಮ್ಮ ದೇಶದ ಉದಾಹರಣೆ ದೂರದ್ದಲ್ಲ. ಉತ್ತರಪ್ರದೇಶದ ಉನ್ನಾವ್ ಜಿಲ್ಲೆಯ ದೌಂಡಿಯಾ ಖೇಡಾದಲ್ಲಿ, 1857ರ ದಂಗೆಯ ತರುವಾಯ ಬ್ರಿಟಿಷರು ಗಲ್ಲಿಗೇರಿಸಿದ ರಾವ್ ರಾಮ್ ಬಕ್ಷ್ ಸಿಂಗ್‌ನ ಕೋಟೆಯಡಿಯಲ್ಲಿ 1,000 ಟನ್ ಚಿನ್ನವಿದೆಯೆಂದು ಸಾಧುವೊಬ್ಬರಿಗೆ ಕನಸಾಯಿತು. ಭೂವೈಜ್ಞಾನಿಕ ಸರ್ವೇಕ್ಷಣೆಯ ವರದಿಯನ್ನು ಆಧಾರವಾಗಿಟ್ಟುಕೊಂಡು ಪುರಾತತ್ತ್ವ ಇಲಾಖೆ 2013ರ ಅಕ್ಟೋಬರ್ 18ರಂದು ಅಗೆತಕ್ಕೆ ತೊಡಗಿತು. ಅಷ್ಟು ಹೊತ್ತಿಗೆ ಸುದ್ದಿವಾಹಿನಿಗಳ ಗಾಡಿಗಳೂ ತಿಂಡಿಯಂಗಡಿಗಳೂ ಅಲ್ಲಿ ನೆರೆದು ಜಾತ್ರೆಯಾಗಿತ್ತು. ಆ ದಿನಗಳಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಬಳಿ ಇದ್ದ ಒಟ್ಟು ಚಿನ್ನ 557 ಟನ್ ಚಿಲ್ಲರೆ. ಗಂಗಾತೀರದ ಒಬ್ಬ ತಾಲ್ಲೂಕುದಾರನಲ್ಲಿ ಅದರ ಇಮ್ಮಡಿಯ ಸಮೀಪದ ಚಿನ್ನ ಇತ್ತೆನ್ನುವಾಗ ಒಬ್ಬ ನಿರೂಪಕನಾದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದಾಗಿತ್ತು. ಗೋಡೆಯ ಇಟ್ಟಿಗೆ, ಮಡಕೆಯ ಚೂರು, ಬಳೆಯ ತುಂಡು ದೊರೆತುವು. ತಿಂಗಳು ಮುಗಿಯುವುದರೊಳಗೆ ಕೆಲಸ ನಿಂತಿತು. ಪುರಾತತ್ತ್ವದ ದೃಷ್ಟಿಯಿಂದ ಆ ಚೂರುಗಳಿಗೆ ಬೆಲೆಯುಂಟು. ಆದರೆ ಚಿನ್ನಕ್ಕೆಂದು ಬಂದಿದ್ದ ಗಾಡಿಗಳಿಗೆ ಅವು ಬೇಕಾಗಿರಲಿಲ್ಲ.

ಇನ್ನು ನಮ್ಮ ಮನೆಬಾಗಿಲಿನ ವಿಷಯ. ವೀರಪ್ಪನ್ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಕಾಡಿನಲ್ಲಿ ಹಣ ಹೂತಿಟ್ಟಿದ್ದಾನೆಂಬ ಮಾತು, ಅವನು 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ ಹತನಾದಂದಿನಿಂದಲೂ ನಿಂತಿಲ್ಲ. ಡಾ. ರಾಜ್‌ಕುಮಾರರನ್ನು ಗಾಜನೂರಿನಿಂದ ಒಯ್ದ 2000ದ ಜುಲೈ 30ರಿಂದ ಬಿಡುಗಡೆಯಾದ ನವೆಂಬರ್ 15ರ ವರೆಗಿನ 108 ದಿನಗಳನ್ನು ಈ ನಗರದಲ್ಲಿ ಕಳೆದ ಕನ್ನಡಿಗರಿಗೆ ಆ ಹೆಸರು ಮನರಂಜನೆಯ ವಸ್ತುವಾಗುವುದು ಕಷ್ಟ. ಬಸ್ಸಿನಲ್ಲಿ ಕನ್ನಡ ಮಾತಾಡುವಾಗ ದನಿ ತಗ್ಗಿಸಿದವರು ನಮ್ಮಲ್ಲಿದ್ದಾರೆ. ಬೆಂಗಳೂರಿನಲ್ಲಿ ತಮಿಳು ಮಾತಾಡುವವರೂ ಹಾಗೆಯೇ ತಗ್ಗಿಸಿದ್ದರು. ಒತ್ತೆಹಣ ಸಂದಿತೆಂದು ಆಗ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ದಿನಕರ್ ತಮ್ಮ ಪುಸ್ತಕದಲ್ಲಿ ಬರೆದರು, ಸರಕಾರ ಅಲ್ಲಗಳೆಯಿತು. ಸಂದಿತೆಂದೇ ಇಟ್ಟುಕೊಂಡು ಲೆಕ್ಕ ಹಾಕೋಣ.

ಐನೂರರ ನೋಟುಗಳಲ್ಲಿ ಒಂದು ಕೋಟಿ ರೂಪಾಯಿ ಎಂದರೆ 20,000 ನೋಟು, ನೂರರಂತೆ 200 ಕಟ್ಟು, 20 ಕಿಲೋಗ್ರಾಂ ಮೀರಿದ ಭಾರ. ಪೋಲೀಸರಿಂದ ತಪ್ಪಿಸಿಕೊಂಡು ದಿನಕ್ಕೊಂದು ತಾವು ಬದಲಾಯಿಸುವವನು ಇಂತಹ ಹತ್ತಾರು ಮೂಟೆಗಳನ್ನು ಹೊರಲಾರ, ಹೂಳಬೇಕು ನಿಜ. ಆದರೆ ಎರಡು ಮಳೆಗಾಲಗಳ ತೇವ, ಗೆದ್ದಲು! ನೆಲದಿಂದ ತೆಗೆದು ತಂದ ನೋಟುಗಳನ್ನು ಕೌಂಟರಿನಲ್ಲಿ ಬಿಡಿಸಲು ಯತ್ನಿಸಿದ ಯಾವ ಬ್ಯಾಂಕಿನವನೂ ಮಡಕೆಯೊಳಗಿನ ನೋಟನ್ನು ನಿಧಿಯೆನ್ನಲಾರ. ಅದೂ ಇರಲಿ. ವೀರಪ್ಪನ್ ಸತ್ತದ್ದು 2004ರಲ್ಲಿ. ಅವನ ಕೈಸೇರಿದ ಪ್ರತಿಯೊಂದು ನೋಟೂ ಹಿಂಬದಿಯಲ್ಲಿ ಮುದ್ರಣದ ಇಸವಿಯಿಲ್ಲದ ಹಳೆಯ ಮಾಲೆಯದು. ಈ ಮಾಲೆಯನ್ನು ಹಿಂದೆಗೆದುಕೊಳ್ಳುವುದಾಗಿ ರಿಸರ್ವ್ ಬ್ಯಾಂಕ್ 2014ರ ಜನವರಿಯಲ್ಲಿಯೇ ಪ್ರಕಟಿಸಿತು. 2016ರ ನವೆಂಬರ್ 8ರ ನಡುರಾತ್ರಿಗೆ ಐನೂರು, ಸಾವಿರದ ಹಳೆಯ ನೋಟುಗಳೇ ರದ್ದಾದುವು. 2017ರ ಶಾಸನದಂತೆ ಅವನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ದಂಡಾರ್ಹ. ಅಧ್ಯಯನ, ಸಂಶೋಧನೆಗಾದರೆ ಇಪ್ಪತ್ತೈದರ ವರೆಗೆ ರಿಯಾಯಿತಿ. ಆದಕಾರಣ ಇಂದು ಆ ಮೂಟೆ ಸಿಕ್ಕಿದವನು ದಂಡ ತೆರಬೇಕಾದೀತು. ಈ ಪತ್ರಿಕೆಯ ಸಂಶೋಧಕ ವಾಚಕರು ಮಾತ್ರ ತಲಾ ಇಪ್ಪತ್ತೈದು ನೋಟುಗಳಿಗೆ ಅರ್ಹರು.

ಚಿನ್ನವಾಗಿ ಮಾರ್ಪಡಿಸಿರಬಾರದೇಕೆ ಎಂದು ಕೇಳಬಹುದು. ಇರಬಾರದೆಂದು ನಾನು ಹೇಳುವುದಿಲ್ಲ. ಆದರೆ ಕಾಡಿನಲ್ಲಿರುವವನಿಗೆ ಅಕ್ಕಿ ಬೇಕು, ಮದ್ದುಗುಂಡು ಬೇಕು, ಔಷಧಿ ಬೇಕು, ಸುಳಿವು ಕೊಡುವವರು ಬೇಕು. ಇವೆಲ್ಲ ನಗದಿನ ವ್ಯವಹಾರ. ಗಂಧದ ಕೊರಡೂ ಆನೆಯ ದಂತವೂ ಕಾಡಿನಲ್ಲಿ ಬೆಲೆ ಕಾಣುವುವಲ್ಲ. ಅವು ಬೆಲೆ ಕಂಡದ್ದು ಊರುಗಳಲ್ಲಿ, ಕೊಂಡವರ ಅಂಗಡಿಗಳಲ್ಲಿ. ಕಳ್ಳನ ಕೈಗೆ ಬಂದದ್ದು ಕೊಂಡವನು ಬಿಟ್ಟುಕೊಟ್ಟ ಪಾಲು. ಕ್ಯಾಮರಾ ಗುಡ್ಡವನ್ನು ಅಗೆಯುವ ಪ್ರತಿಯೊಂದು ಗಂಟೆಯೂ ಕೊಂಡವರ ಕಡೆಗೆ ಬೆನ್ನು ತಿರುಗಿಸಿದ ಗಂಟೆ. ನಿಧಿಯ ಕಥೆಯಿಂದ ಯಾರಿಗೆ ಅನುಕೂಲವೆಂದು ಕೇಳಿಕೊಂಡರೆ, ಪ್ರೇಕ್ಷಕನಿಗಿಂತ ಮೊದಲು ನನಗೆ ಹೊಳೆಯುವವರು ಇವರು.

ಈ ದೃಷ್ಟಿಯಿಂದ 2023ರ ಆಗಸ್ಟಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ, ಸೆಲ್ವಮಣಿ ಸೆಲ್ವರಾಜ್ ನಿರ್ದೇಶಿಸಿದ ನಾಲ್ಕು ಭಾಗಗಳ 'ದಿ ಹಂಟ್ ಫಾರ್ ವೀರಪ್ಪನ್' ಗಮನಾರ್ಹ. ಹೆಸರಿನಲ್ಲಿ ಬೇಟೆಯಿದ್ದರೂ ಅದು ನೆಲವನ್ನು ಅಗೆಯಲು ಹೋಗುವುದಿಲ್ಲ. ಅವನ ಪತ್ನಿಯನ್ನೂ ಬೆನ್ನಟ್ಟಿದ ಅಧಿಕಾರಿಗಳನ್ನೂ ಎದುರಿಗೆ ಕೂರಿಸಿ ಮಾತಾಡಿಸುತ್ತದೆ. ಒಬ್ಬರ ಹೇಳಿಕೆಯನ್ನು ಮತ್ತೊಬ್ಬರದು ಅಲ್ಲಗಳೆಯುವ ಅವಕಾಶ ಅದರಲ್ಲಿದೆ. ದೋಷವಿಲ್ಲವೆಂದಲ್ಲ, ಸಂಗೀತವೂ ಮೇಲಿನಿಂದ ತೆಗೆದ ಕಾಡಿನ ಚಿತ್ರಗಳೂ ಕಳ್ಳನಿಗೆ ಬೇಡದ ಘನತೆಯನ್ನು ಕೊಡುತ್ತವೆ. ಗೋಪಿನಾಥಂನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟು, ಶರಣಾಗತಿಯ ಮಾತು ನಂಬಿ ನಿರಾಯುಧರಾಗಿ ಹೋಗಿ 1991ರ ನವೆಂಬರ್ 10ರಂದು ಕೊಲೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1993ರ ಏಪ್ರಿಲ್ 9ರಂದು ಪಾಲಾರ್ ಸ್ಫೋಟದಲ್ಲಿ ಮಡಿದ 22 ಮಂದಿ, ಕಾರ್ಯಪಡೆಯ ಹಿಂಸೆಗೊಳಗಾಗಿ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಸಾಕ್ಷ್ಯ ನುಡಿದ ಎರಡೂ ರಾಜ್ಯಗಳ ಹಳ್ಳಿಗರು: ಇವರೆಲ್ಲ ಆ ಲೆಕ್ಕದ ಖರ್ಚಿನ ಭಾಗದಲ್ಲಿರುವವರು. ನಿಧಿಯ ಕಾರ್ಯಕ್ರಮದಲ್ಲಿ ಇವರಿಗೆ ಪ್ರವೇಶವಿಲ್ಲ.

ನಮ್ಮ ಶಾಸನಗಳಲ್ಲಿ ದತ್ತಿ ಪಡೆದವನಿಗೆ ಕೊಡುವ ಅಷ್ಟಭೋಗಗಳನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಮೊದಲಾಗಿ ಎಣಿಸುವುದು ವಾಚಕರಿಗೆ ತಿಳಿದದ್ದೇ. ಒಡೆಯನರಿಯದ ಹೂತ ಹಣ ನಿಧಿ. ಒಬ್ಬನು ನಂಬಿ ಇರಿಸಿದ್ದು ನಿಕ್ಷೇಪ, ಇಂದಿನ ಬ್ಯಾಂಕಿನ ಠೇವಣಿಯ ಪೂರ್ವಜ. ಸಿಕ್ಕಿದ ನಿಧಿಯನ್ನು ಅರಸನಿಗೆ ತಿಳಿಸದೆ ಮುಚ್ಚಿಟ್ಟವನು ದಂಡಾರ್ಹನೆಂದು ಯಾಜ್ಞವಲ್ಕ್ಯನು ಹೇಳಿದನು. ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆ ಅವನ ಸ್ಮೃತಿಗೇ ವ್ಯಾಖ್ಯಾನ. ಹತ್ತು ರೂಪಾಯಿ ಮೀರಿದ ನಿಧಿಯನ್ನು ಕಂಡವನು ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ಕಾಯಿದೆ. ನಾನು ನೋಡಿದ ಒಂದು ಕಾರ್ಯಕ್ರಮದಲ್ಲಾದರೂ ಈ ನಿಯಮದ ಉಲ್ಲೇಖ ಕೇಳಲಿಲ್ಲ. ಹಾರೆ ಹಿಡಿದವನದೇ ನೆಲ, ಅವನದೇ ಹಣ ಎಂಬಂತೆ ಕಥೆ ಸಾಗುತ್ತದೆ.

ಮಿತ್ರರ ಪ್ರಶ್ನೆಗೆ ಭಾರವಿದೆಯೆಂದು ಮೊದಲಿಗೆ ಹೇಳಿದ್ದು ಇದಕ್ಕಾಗಿ. 2019ರ ಜುಲೈಯಲ್ಲಿ ಆನೆಗೊಂದಿಯ ಬಳಿಯ ನವವೃಂದಾವನದಲ್ಲಿ, ಕೃಷ್ಣದೇವರಾಯನ ಕಾಲದಿಂದ ಪೂಜ್ಯರಾದ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಇರುಳಿನಲ್ಲಿ ಒಡೆದು ಅಗೆದರು. ಅವರು ಯಾವ ಕಾರ್ಯಕ್ರಮ ನೋಡಿ ಬಂದರೆಂದು ನಾನು ಆರೋಪಿಸುತ್ತಿಲ್ಲ; ಪ್ರತಿಯೊಂದು ಹಳೆಯ ಕಲ್ಲಿನಡಿಯಲ್ಲಿಯೂ ಕೊಪ್ಪರಿಗೆಯಿದೆಯೆಂಬ ನಂಬಿಕೆ ಟೆಲಿವಿಷನ್ನಿಗಿಂತ ಹಳೆಯದು. ಅದನ್ನು ವಾರವಾರವೂ ಹಸಿಯಾಗಿಡುವವರು ಯಾರೆಂಬುದಷ್ಟೇ ನನ್ನ ಪ್ರಶ್ನೆ. ಸುದ್ದಿ ಮುಟ್ಟಿದ ದಿನ ನಮ್ಮ ಬೀದಿಗಳ ಮಾಧ್ವ ಮನೆಗಳಲ್ಲಿ ಒಲೆ ಹೊತ್ತಿಸಲು ಮನಸ್ಸಾಗದವರಿದ್ದರು. ಅಗೆದವರು ಸೆರೆಸಿಕ್ಕಿದರು, ಮಠಗಳವರೂ ಭಕ್ತರೂ ತುಂಗಭದ್ರೆಯನ್ನು ದಾಟಿ ಹೋಗಿ, ಚೆದರಿದ ಕಲ್ಲುಗಳನ್ನು ಒಂದೊಂದಾಗಿ ಕೂಡಿಸಿ ವೃಂದಾವನವನ್ನು ಮತ್ತೆ ನಿಲ್ಲಿಸಿದರು.