ಸೋಮವಾರವಿಲ್ಲದ ಪ್ರವಾಸಕಥನಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಸುತ್ತುವವನ ಹೊಟ್ಟೆಪಾಡು ಹೇಗೆ ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಗಾದೆ ಬಿಟ್ಟ ಮಾತನ್ನೇ ನಮ್ಮ ಈಚಿನ ಪ್ರವಾಸಕಥನಗಳೂ ಬಿಟ್ಟಿವೆ ಎಂಬುದು ನನ್ನ ದೂರು. ದೂರು ಮೊದಲು ನನ್ನ ಮೇಲೆಯೇ. ಯಾಕೆಂದರೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನಾಲ್ಕು ವರ್ಷ ನೌಕರಿಯಲ್ಲಿದ್ದಾಗ ನಾನೂ ಇಂಥ ಹತ್ತು ಹನ್ನೆರಡು ಲೇಖನಗಳನ್ನು ಬರೆದು ಅಚ್ಚಿಗೆ ಕೊಟ್ಟವನು.

ಕನ್ನಡದ ಪ್ರವಾಸ ಸಾಹಿತ್ಯಕ್ಕೆ ಬಡತನವಿಲ್ಲ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದವರು. ‘ಸಮುದ್ರದಾಚೆಯಿಂದ’ ಬಂದದ್ದು ಆ ವಿದ್ಯಾರ್ಥಿಯ ಕಣ್ಣಿನಿಂದ. ಕಾರಂತರು ‘ಅಪೂರ್ವ ಪಶ್ಚಿಮ’ಕ್ಕಾಗಿ ಸುತ್ತಿದ್ದು ನೋಡುವ ಹಟದಿಂದ. ಗೊರೂರರೂ ಮೂರ್ತಿರಾಯರೂ ಇಳಿವಯಸ್ಸಿನಲ್ಲಿ ಅಮೆರಿಕವನ್ನು ಕಂಡರು. ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಇವರೆಲ್ಲರಲ್ಲಿ ಒಂದು ಸಮಾನ ಗುಣವಿದೆ. ತಾನು ಯಾರಾಗಿ ಆ ನಾಡಿಗೆ ಬಂದಿದ್ದೇನೆ ಎಂಬುದನ್ನು ಲೇಖಕ ಮರೆಯುವುದಿಲ್ಲ, ಓದುಗನಿಂದ ಮುಚ್ಚಿಡುವುದೂ ಇಲ್ಲ.

ಈಗ ಬರೆಯುತ್ತಿರುವವರು ಬೇರೆ ವರ್ಗದವರು. ವಿದ್ಯಾರ್ಥಿಗಳಲ್ಲ, ಅತಿಥಿಗಳಲ್ಲ, ಸಂಬಳಕ್ಕೆ ಹೋದವರು. ವಾರದಲ್ಲಿ ಐದು ದಿನ ಕಚೇರಿಯ ಒಂದು ಮೇಜು, ಒಂದು ಕುರ್ಚಿ. ಶನಿವಾರ ಭಾನುವಾರ ಮಾತ್ರ ದೇಶ. ಇದು ನಮ್ಮ ಸಾಹಿತ್ಯಕ್ಕೆ ಹೊಸ ಅನುಭವವಾಗಬೇಕಿತ್ತು. ಆದರೆ ನಾವು ಮಾಡಿದ್ದೇನು? ಅತಿಥಿಯ ಕಣ್ಣನ್ನು ಎರವಲು ತಂದೆವು. ಲೇಖನ ಶುಕ್ರವಾರ ಸಂಜೆಯ ರೈಲಿನಲ್ಲಿ ಹೊರಡುತ್ತದೆ. ಡಬ್ಬಿಯಲ್ಲಿ ಪುಳಿಯೋಗರೆ ಇರುತ್ತದೆ. ಅದನ್ನು ಸರೋವರದ ದಡದಲ್ಲಿ ಬಿಚ್ಚಿದಾಗ ಊರಿನ ನೆನಪಾಗುತ್ತದೆ. ಶನಿವಾರ ಕೋಟೆ, ಭಾನುವಾರ ಇಗರ್ಜಿ, ಸಂಜೆ ಸೂರ್ಯಾಸ್ತ. ಸೂರ್ಯನ ಜೊತೆಗೆ ಲೇಖನವೂ ಮುಳುಗುತ್ತದೆ. ಸೋಮವಾರ ಎಂಬ ಒಂದು ದಿನ ಪಂಚಾಂಗದಲ್ಲಿದೆ ಎಂಬ ಸುಳಿವೇ ಅಲ್ಲಿಲ್ಲ.

ಇದರಿಂದ ಏನು ನಷ್ಟ ಎಂದು ಸಹೃದಯರು ಕೇಳಬಹುದು. ನನ್ನ ಒಂದು ಲೇಖನವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಇತರರ ಬರಹವನ್ನು ಹರಿಯುವುದಕ್ಕಿಂತ ಅದು ನ್ಯಾಯ.

2018ರ ಆಗಸ್ಟ್‌ನ ಒಂದು ಭಾನುವಾರ ನಾನು ಮ್ಯಾಂಚೆಸ್ಟರಿನಿಂದ ರೈಲು ಹಿಡಿದು ಈಡೇಲ್ ಎಂಬ ಹಳ್ಳಿಗೆ ಹೋದೆ. ಮುಕ್ಕಾಲು ಗಂಟೆಯ ದಾರಿ. ಊರಿನ ನೆತ್ತಿಯ ಮೇಲೆ ಕಿಂಡರ್ ಸ್ಕೌಟ್ ಎಂಬ ಬೆಟ್ಟ. ಎತ್ತರ 636 ಮೀಟರು, ನಮ್ಮ ನಂದಿಬೆಟ್ಟದ ಅರ್ಧಕ್ಕಿಂತ ಕಡಿಮೆ. ಮೇಲೆ ಹೋದರೆ ಪೀಟ್ ಎಂಬ ಕಪ್ಪು ಜೌಗುಮಣ್ಣಿನ ಬಯಲು, ಅದರ ತುಂಬ ನೇರಳೆ ಹೂ ಬಿಟ್ಟ ಹೆದರ್ ಪೊದೆ. ಅಂಚಿನಲ್ಲೊಂದು ಜಲಪಾತ, ಗಾಳಿ ಜೋರಾದಾಗ ನೀರು ಕೆಳಗೆ ಬೀಳದೆ ಮೇಲಕ್ಕೇ ಹಾರುತ್ತದೆ. ಇದನ್ನೆಲ್ಲ ಬರೆದೆ. ತಕ್ಕಮಟ್ಟಿಗೆ ಚೆನ್ನಾಗಿಯೇ ಬರೆದೆ ಎಂದು ಇಂದಿಗೂ ಅನ್ನಿಸುತ್ತದೆ.

ಬರೆಯದೆ ಬಿಟ್ಟದ್ದು ಇಷ್ಟು. ಆ ವಾರ ನಮ್ಮ ಕಚೇರಿಯಲ್ಲಿ ಕೆಲಸದಿಂದ ತೆಗೆಯಬಹುದಾದವರ ಪಟ್ಟಿ ಸಿದ್ಧವಾಗುತ್ತಿತ್ತು. ಅಲ್ಲಿ ನನ್ನಂಥವನ ವೀಸಾ ಕೆಲಸ ಕೊಟ್ಟ ಸಂಸ್ಥೆಗೆ ಕಟ್ಟಿಹಾಕಿದ್ದು. ಕೆಲಸ ಹೋಯಿತೆಂದರೆ ಸಾಮಾನ್ಯವಾಗಿ 60 ದಿನಗಳ ಗಡುವು. ಅಷ್ಟರಲ್ಲಿ ಹೊಸ ಧಣಿಯನ್ನು ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಬೆಟ್ಟದ ಕಲ್ಲುಮೆಟ್ಟಿಲು ಹತ್ತುತ್ತ ನಾನು ಎಣಿಸುತ್ತಿದ್ದುದು ಮೆಟ್ಟಿಲುಗಳನ್ನಲ್ಲ, ಆ 60 ದಿನಗಳನ್ನು. ಲೇಖನದಲ್ಲಿ ಮಾತ್ರ ‘ತಂಗಾಳಿ ಮನಸ್ಸಿನ ಭಾರವನ್ನೆಲ್ಲ ಹಗುರಗೊಳಿಸಿತು’ ಎಂದಿದೆ. ಯಾವ ಭಾರ? ಓದುಗನಿಗೆ ಗೊತ್ತಿಲ್ಲ. ಭಾರವನ್ನೇ ತೋರಿಸದೆ ಹಗುರವಾಯಿತು ಎಂದರೆ ಆ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಬಿಟ್ಟ ಇನ್ನೊಂದು ವಿಷಯ ನನಗೆ ಆಗ ತಿಳಿದೇ ಇರಲಿಲ್ಲ. ನಾನು ಅಂದು ಆರಾಮವಾಗಿ ಅಡ್ಡಾಡಿದ ಆ ಬಯಲು ಒಂದು ಕಾಲಕ್ಕೆ ಶ್ರೀಮಂತರು ಗ್ರೌಸ್ ಎಂಬ ಹಕ್ಕಿಯ ಬೇಟೆಗಾಗಿ ಕಾದಿಟ್ಟ ನೆಲ, ಸಾಮಾನ್ಯರು ಕಾಲಿಡುವಂತಿರಲಿಲ್ಲ. 1932ರ ಏಪ್ರಿಲ್ 24ರಂದು ಕೆಲವು ನೂರು ಮಂದಿ, ಹೆಚ್ಚಾಗಿ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡಿನ ದುಡಿಯುವ ಹುಡುಗರು, ಕಾವಲುಗಾರರನ್ನು ಲೆಕ್ಕಿಸದೆ ಆ ಬೆಟ್ಟ ಹತ್ತಿದರು. ಐವರಿಗೆ ಜೈಲಾಯಿತು, ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ವಯಸ್ಸು 20. ಮುಂದೆ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂದು, 1951ರಲ್ಲಿ ಆ ಸೀಮೆಯೇ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಅಂದು ಅವರು ಬೆಟ್ಟ ಹತ್ತಿದ ದಿನವೂ ಭಾನುವಾರವೇ. ಸೋಮವಾರ ಅವರಿಗೂ ಕೆಲಸವಿತ್ತು. ಆ ಸಾಹಸದಲ್ಲಿ ಪಾಲುಗೊಂಡ ಈವನ್ ಮೆಕಾಲ್ ಎಂಬ ಹಾಡುಗಾರ ಮ್ಯಾಂಚೆಸ್ಟರಿನ ಅಲೆಮಾರಿಯ ಮೇಲೆ ಕಟ್ಟಿದ ಹಾಡಿನಲ್ಲಿ ಬೆಟ್ಟದ ಭಾನುವಾರದ ಪಕ್ಕದಲ್ಲೇ ದುಡಿಮೆಯ ಸೋಮವಾರವೂ ನಿಂತಿದೆ. ಅದೇ ಅದರ ಕಸುವು.

ವಾರಾಂತ್ಯವೆಂಬುದೇ ದುಡಿಮೆಯ ಮಗು ಎಂಬುದನ್ನು ನಾವು ಮರೆಯಬಾರದು. ಬ್ರಿಟನ್ನಿನ ಬಟ್ಟೆ ಗಿರಣಿಗಳಲ್ಲಿ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡಕ್ಕೆ ಬಿಡುವು ಸಿಕ್ಕಿದ್ದು 1850ರ ಕಾನೂನಿನಿಂದ. ತಾಯಿಯ ಹೆಸರೆತ್ತದೆ ಮಗುವಿನ ಚೆಲುವನ್ನು ಕೊಂಡಾಡುವಂತಿದೆ ನಮ್ಮ ಬರಹ.

ಸಾಹಿತ್ಯದ ಈ ದೋಷ ಪುಟದಲ್ಲೇ ನಿಲ್ಲುವುದಿಲ್ಲ. ಅದೇ ಆಗಸ್ಟ್‌ನಲ್ಲಿ ಊರಿನಲ್ಲಿ ಅಪ್ಪನಿಗೆ ಆಪರೇಷನ್ ಆಯಿತು. ನಾನು ಬರಲಿಲ್ಲ. ಪಟ್ಟಿ ತಯಾರಾಗುತ್ತಿರುವಾಗ ರಜೆ ಕೇಳುವ ಧೈರ್ಯ ನನಗಿರಲಿಲ್ಲ; ಆ ಮಾತನ್ನು ಮನೆಯವರಿಗೆ ಹೇಳುವ ಧೈರ್ಯವೂ ಇರಲಿಲ್ಲ. ಆಸ್ಪತ್ರೆಯಲ್ಲಿ ಹಗಲಿರುಳು ಕುಳಿತವಳು ಅಕ್ಕ. ಮುಂದಿನ ತಿಂಗಳು ಕಿಂಡರ್ ಬೆಟ್ಟದ ಲೇಖನ ಪ್ರಕಟವಾಯಿತು. ಅಕ್ಕ ಫೋನಿನಲ್ಲಿ ಹೇಳಿದಳು: “ನೀನು ಬರೆದದ್ದೆಲ್ಲ ಓದ್ತೀನಿ ಕಣೋ. ಬೆಟ್ಟ ಹತ್ತೋಕೆ ನಿನಗೆ ಬಿಡುವಿತ್ತು. ಅಪ್ಪನ್ನ ನೋಡೋಕೆ ಮಾತ್ರ ಇರಲಿಲ್ಲ, ಅಲ್ವೇನೋ?”

ಉತ್ತರ ಕೊಡಲು ನನ್ನಲ್ಲಿ ಮಾತಿರಲಿಲ್ಲ. ಭಾನುವಾರದ ರೈಲಿಗೂ ಸಮುದ್ರ ದಾಟುವ ವಿಮಾನಕ್ಕೂ ಬೇಕಾದ ಬಿಡುವು ಬೇರೆ ಬೇರೆ ಎಂದು ಆಮೇಲೆ ವಾದ ಮಾಡಬಹುದಿತ್ತು. ಆದರೆ ಅವಳ ಕೈಯಲ್ಲಿದ್ದ ಸಾಕ್ಷ್ಯ ನಾನೇ ಬರೆದುಕೊಟ್ಟದ್ದು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಇದ್ದ ನಿಜವನ್ನೆಲ್ಲ ಸೇರಿಸಿದರೂ ಅದು ನಿಜವಾಗಿರಲಿಲ್ಲ.

ಹಾಗೆಂದು ಪ್ರತಿ ಪ್ರವಾಸಕಥನವೂ ಗೋಳಿನ ಕಥೆಯಾಗಲಿ ಎಂದು ನನ್ನ ವಾದವಲ್ಲ. ಓದುಗ ಕೊಂಚ ಸಂತೋಷ ಬಯಸಿ ಇಂಥ ಪುಟಕ್ಕೆ ಬರುತ್ತಾನೆ. ಅವನ ತಲೆಯ ಮೇಲೆ ನಮ್ಮ ಕಚೇರಿಯ ಕಡತಗಳನ್ನು ಹೊರಿಸುವುದು ಔಚಿತ್ಯವಲ್ಲ. ಬೇಕಾದದ್ದು ಒಂದೆರಡು ಸಾಲು, ಸರಿಯಾದ ಜಾಗದಲ್ಲಿ. ದುಡಿಮೆ ಸ್ವಾರಸ್ಯಕ್ಕೆ ಶತ್ರುವೆಂಬ ಭಯವೂ ಬೇಡ. ಬಿ.ಜಿ.ಎಲ್. ಸ್ವಾಮಿಯವರನ್ನು ನೋಡಿ. ‘ಅಮೆರಿಕದಲ್ಲಿ ನಾನು’ ಬರೆದವರು ಸಸ್ಯವಿಜ್ಞಾನಿ. ತಾವು ಕಂಡ ಒಂದು ಗಿಡಕ್ಕೆ ಹಾರ್ವರ್ಡಿನ ತಮ್ಮ ಗುರು ಇರ್ವಿಂಗ್ ಬೈಲಿಯವರ ಹೆಸರಿಟ್ಟವರು. ಅವರ ನಗೆ ಎಲ್ಲಿ ಹೋದರೂ ಜೊತೆಗೆ ಕಸುಬನ್ನು ಕರೆದುಕೊಂಡೇ ಹೋಗುತ್ತದೆ. ನಮ್ಮ ಕಸುಬನ್ನು ಮಾತ್ರ ನಾವು ಶುಕ್ರವಾರ ಸಂಜೆ ಕಚೇರಿಯ ಬಾಗಿಲಲ್ಲಿ ಬಿಟ್ಟು ಹೊರಡುತ್ತೇವೆ. ಅದು ನಾಚಿಕೆಯೋ ಜಂಬವೋ, ಬರೆಯುವವರು ತಮ್ಮ ತಮ್ಮನ್ನೇ ಕೇಳಿಕೊಳ್ಳಬೇಕು.

ಈಚೆಗೆ ಆ ಹಳೆಯ ಲೇಖನವನ್ನು ಮತ್ತೆ ಕೈಗೆತ್ತಿಕೊಂಡೆ. ಮೊದಲಿಗೆ ಪಟ್ಟಿಯ ಮಾತು ಎರಡು ಸಾಲು ಸೇರಿಸಿದೆ. ಕೊನೆಗೆ, ಭಾನುವಾರ ರಾತ್ರಿ ಕೋಣೆಗೆ ಮರಳಿ ಬೂಟಿನ ಕಪ್ಪು ಮಣ್ಣು ಕೆರೆದು, ಮರುದಿನದ ಅಂಗಿಗೆ ಇಸ್ತ್ರಿ ಹಾಕಿದ್ದನ್ನು ಬರೆದೆ. ಅಷ್ಟೇ. ಅಚ್ಚಿಗೆ ಕೊಡದೆ ಅಕ್ಕನಿಗೆ ಕಳಿಸಿದೆ.

ಎರಡು ದಿನ ಬಿಟ್ಟು ಅವಳು ಫೋನು ಮಾಡಿದಳು. ಅಪ್ಪನ ಆಪರೇಷನ್ನಿನ ಮಾತು ಇಬ್ಬರೂ ಎತ್ತಲಿಲ್ಲ. “ಆ ಬೆಟ್ಟ, ಹೂವು, ನೀರು ಮೇಲಕ್ಕೆ ಹಾರೋದು, ಅದೆಲ್ಲ ಈ ಸಲ ಬಹಳ ಚೆನ್ನಾಗಿ ಬರೆದಿದ್ದೀಯ ಕಣೋ,” ಎಂದಳು.

ಆ ಭಾಗದಲ್ಲಿ ನಾನು ಒಂದಕ್ಷರವನ್ನೂ ಬದಲಿಸಿರಲಿಲ್ಲ.